ಪಾಲಿಗೆ ಬಂದ ಹಳೆಯ ಮೇಜು, ಅದರ ಸುತ್ತ ಊಟದ ಕೋಣೆ

ಹಿರಿಯರ ಮನೆ ಪಾಲಾದಾಗ ಸಾಗವಾನಿ ಮೇಜು ಒಬ್ಬರಿಗೆ ಬರುತ್ತದೆ, ಅದರ ಎಂಟು ಕುರ್ಚಿಗಳು ಮೂರು ಮನೆಗೆ ಹಂಚಿಹೋಗುತ್ತವೆ. ದೊಡ್ಡ ಪಡಸಾಲೆಯಲ್ಲಿ ಹಗುರಾಗಿ ಕಾಣುತ್ತಿದ್ದ ಮೇಜು ಹೊಸ ಬಡಾವಣೆಯ ಹತ್ತು ಬೈ ಹನ್ನೊಂದಡಿ ಕೋಣೆಗೆ ಬಂದೊಡನೆ ಆನೆ ಕಟ್ಟಿಹಾಕಿದ ಹಾಗೆ ಕಾಣುತ್ತದೆ. ಆಗ ಹೆಚ್ಚಿನವರು ಮೊದಲು ಗೋಡೆಗೆ ಬಣ್ಣ ಬಳಿಸುತ್ತಾರೆ, ಆಮೇಲೆ ತೂಗುದೀಪ ತರುತ್ತಾರೆ, ಕೊನೆಗೆ ಮೇಜಿಗೆ ಮರ ಉಜ್ಜುವ ಮಶಿನ್ ಹೊಡೆಸಿ ಹೊಸದರಂತೆ ಮಾಡಿಸುತ್ತಾರೆ. ಕ್ರಮ ಪೂರ್ತಿ ಉಲ್ಟಾ. ಮೊದಲು ಅಳತೆ, ಬಳಿಕ ಹುಳ, ಕೀಲು, ಪಾಲಿಶ್. ಗೋಡೆ, ದೀಪ, ಹೊಸ ಕುರ್ಚಿ ಎಲ್ಲ ಕೊನೆಗೆ. ಮಶಿನ್ ಹೊಡೆಸುವ ಕೆಲಸವಂತೂ ಬೇಡವೇ ಬೇಡ: ಎಪ್ಪತ್ತು ಎಂಬತ್ತು ವರ್ಷದಲ್ಲಿ ಮರದ ಮೇಲೆ ಕೂತ ಬಣ್ಣ ಹತ್ತು ನಿಮಿಷದಲ್ಲಿ ಪುಡಿಯಾಗಿ ಹೋದರೆ ಮತ್ತೆ ಬರುವುದಿಲ್ಲ.

ಅಳತೆ

ಮೇಜಿನ ಅಳತೆಗೆ ಹಳೆಯ ಪೇಪರ್ ಜೋಡಿಸಿ ನೆಲದ ಮೇಲೆ ಹಾಸಿ, ಎರಡು ದಿನ ಅದರ ಸುತ್ತ ಓಡಾಡಿ ನೋಡಿ. ಮೇಜಿನ ಅಂಚಿನಿಂದ ಗೋಡೆಗೆ 3 ಅಡಿ ಇದ್ದರೆ ಕೂತವರ ಹಿಂದೆ ಬಡಿಸುವವರು ದಾಟಬಹುದು. ಯಾರೂ ದಾಟದ ಬದಿಗೆ ಎರಡೂವರೆ ಅಡಿ ಸಾಕು. ಒಬ್ಬರಿಗೆ ಮೇಜಿನ ಅಂಚು 2 ಅಡಿ ಬೇಕು. ಗಂಗಾಳ ಇಟ್ಟು ಉಣ್ಣುವ ಮನೆಯಾದರೆ ಇನ್ನೂ ಎರಡು ಇಂಚು. ಹತ್ತು ಬೈ ಹನ್ನೊಂದರ ಕೋಣೆಯಲ್ಲಿ 3 ಅಡಿ ಅಗಲ, 5 ಅಡಿ ಉದ್ದದ ಮೇಜು ಆರಾಮಾಗಿ ಕೂರುತ್ತದೆ. ಆರಡಿ ಮೇಜಾದರೆ ಒಂದು ತುದಿಯನ್ನು ಗೋಡೆಗೆ ಸರಿಸಿ, ನೆಂಟರು ಬಂದಾಗ ಎಳೆದುಕೊಳ್ಳಬೇಕು. ಗೋಡೆಗೆ ತಾಗಿಸಬೇಡಿ, ಎರಡು ಇಂಚು ಬಿಡಿ. ಮಣ್ಣಿನ ಗೋಡೆಯ ಹಳೆಯ ಮನೆಯಲ್ಲಿ ಈ ಎರಡು ಇಂಚೇ ಗೆದ್ದಲಿಗೆ ಅಡ್ಡ, ಗೋಡೆಯ ಮೇಲೆ ಮಣ್ಣಿನ ಗೆರೆ ಎದ್ದರೆ ಕಣ್ಣಿಗೂ ಬೀಳುತ್ತದೆ.

ಇನ್ನೊಂದು ಅಳತೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಮೇಜಿನ ಹಲಗೆಯ ಕೆಳಗೆ ನಾಲ್ಕೂ ಕಾಲು ಹಿಡಿದಿರುವ ಅಡ್ಡಪಟ್ಟಿ ಇದೆಯಲ್ಲ, ಅದರ ಕೆಳಅಂಚಿನಿಂದ ನೆಲಕ್ಕೆ 24 ಇಂಚಾದರೂ ಇರಬೇಕು. ಬರೆಯುವ ಮೇಜಾಗಿದ್ದು ಈಗ ಊಟಕ್ಕೆ ಬಂದವುಗಳಲ್ಲಿ ಇದು ಹೆಚ್ಚಾಗಿ ಕಡಿಮೆ ಇರುತ್ತದೆ, ತೊಡೆ ಬಡಿಯುತ್ತದೆ. ಪಟ್ಟಿ ಕೊಯ್ಯಿಸಿದರೆ ಮೇಜಿನ ಬಿಗಿಯೇ ಹೋಗುತ್ತದೆ. ಕಾಲುಗಳ ಕೆಳಗೆ ಒಂದಿಂಚಿನ ಮರದ ತುಂಡು ಕೊಡಿಸಿ, ಇಲ್ಲವೇ 17 ಇಂಚು ಎತ್ತರದ ಕುರ್ಚಿ ಹುಡುಕಿ. ಕೂರುವ ಹಲಗೆಯಿಂದ ಮೇಜಿನ ಮೇಲ್ಮೈಗೆ 11ರಿಂದ 12 ಇಂಚು ಅಂತರ ಇದ್ದರೆ ಕೈ ಸಲೀಸಾಗಿ ಆಡುತ್ತದೆ.

ಬಿಸಿಲು, ಕೂಲರ್, ನೆಲ ಒರೆಸುವ ನೀರು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹಳೆಯ ಮರ ಹಾಳಾಗುವುದು ವಯಸ್ಸಿನಿಂದಲ್ಲ, ಒಣಹವೆಯಿಂದ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮರ ಅಗಲಕ್ಕೆ ಕುಗ್ಗುತ್ತದೆ, ಸೆಪ್ಟೆಂಬರ್ ಮಳೆಗೆ ಹಿಗ್ಗುತ್ತದೆ. 3 ಅಡಿ ಅಗಲದ ಸಾಗವಾನಿ ಹಲಗೆ ವರ್ಷದೊಳಗೆ ಮೂರ್ನಾಲ್ಕು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಹಳೆಯ ಬಡಿಗೇರರು ಇದನ್ನು ಬಲ್ಲವರಾಗಿದ್ದರು. ಮೇಲಿನ ಹಲಗೆ ಸ್ವಲ್ಪ ಸರಿಯುವಂತೆ ಮರದ ಗುಬ್ಬಿಯಿಂದ, ಅಂದರೆ ಹಿಡಿತಕ್ಕೆಂದು ಮಾಡಿದ ಚಿಕ್ಕ ಮರದ ತುಂಡಿನಿಂದ, ಹಿಡಿಸುತ್ತಿದ್ದರು. ಮಧ್ಯೆ ಯಾರೋ ಕಬ್ಬಿಣದ ಎಲ್ ಪಟ್ಟಿ ಹಾಕಿ ಸ್ಕ್ರೂ ಬಿಗಿದಿದ್ದರೆ ಹಲಗೆ ಸೀಳುವುದು ಅದಕ್ಕೇ. ಮೇಜನ್ನು ಮಗುಚಿ ನೋಡಿ. ಎಲ್ ಪಟ್ಟಿಯ ತೂತನ್ನು ಮರದ ಎಳೆಗೆ ಅಡ್ಡವಾಗಿ 10 ಮಿಲಿಮೀಟರ್ ಉದ್ದ ಮಾಡಿಸಿ, ಕೆಳಗೆ ವಾಶರ್ ಕೊಟ್ಟು, ಸ್ಕ್ರೂ ಬಿಗಿದು ಅರ್ಧ ಸುತ್ತು ಸಡಿಲ ಬಿಡಿ.

ಮೇ ತಿಂಗಳಲ್ಲಿ ಬಾಯಿ ಬಿಟ್ಟ ಸೀಳಿಗೆ ಆಗಲೇ ಪುಟ್ಟಿ ತುಂಬಿಸುವುದು ಸಾಮಾನ್ಯ ತಪ್ಪು. ಮಳೆಗೆ ಮರ ಹಿಗ್ಗುವಾಗ ಪುಟ್ಟಿ ಅಡ್ಡ ನಿಲ್ಲುತ್ತದೆ, ಮರ ತನ್ನನ್ನೇ ಹಿಸುಕಿಕೊಳ್ಳುತ್ತದೆ, ಮುಂದಿನ ಬೇಸಿಗೆಗೆ ಸೀಳು ಇನ್ನೂ ಅಗಲ. ಅಗಲವನ್ನು ಬರೆದಿಟ್ಟು ಸೆಪ್ಟೆಂಬರ್ ಕೊನೆಗೆ ಮತ್ತೆ ಅಳೆಯಿರಿ. ಆಗಲೂ 2 ಮಿಲಿಮೀಟರ್ ಉಳಿದಿದ್ದರೆ ಅದೇ ಜಾತಿಯ ಮರದ ತೆಳು ಪಟ್ಟಿ ಸೇರಿಸಿ, ಅಂಟು ಒಂದೇ ಬದಿಗೆ. ಅದಕ್ಕಿಂತ ಕಡಿಮೆಯಾದರೆ ಜೇನುಮೇಣಕ್ಕೆ ಮರದ ಬಣ್ಣ ಕಲಸಿ ಒತ್ತಿದರೆ ಸಾಕು.

ಕೂಲರ್ ಗಾಳಿ ನೇರ ಮೇಜಿಗೆ ಬೀಸುವಂತೆ ಇಡಬೇಡಿ. ಹಗಲೆಲ್ಲ ಒದ್ದೆ ಗಾಳಿ, ಆರಿಸಿದ ಮೇಲೆ ಒಣ ಬಿಸಿ: ದಿನಕ್ಕೊಮ್ಮೆ ಮಳೆಗಾಲ, ದಿನಕ್ಕೊಮ್ಮೆ ಬೇಸಿಗೆ. ಆರಡಿ ದೂರ, ಬಾಯಿ ಬೇರೆ ಕಡೆಗೆ. ಫರಸಿ ನೆಲವನ್ನು ದಿನಾ ನೀರು ಹಾಕಿ ಒರೆಸುವ ಮನೆಯಲ್ಲಿ ಕಾಲಿನ ತಳ ನೀರು ಹೀರಿ ಕೊಳೆಯುತ್ತದೆ, ಏಕೆಂದರೆ ಮರದ ಎಳೆಗಳ ಬಾಯಿ ಇರುವುದು ಅಲ್ಲೇ. ಮಗುಚಿದಾಗಲೇ ನಾಲ್ಕೂ ತಳಕ್ಕೆ ಎಪಾಕ್ಸಿ ಎರಡು ಕೋಟು ಕೊಟ್ಟುಬಿಡಿ. ಹಳೆಯ ಶಹಾಬಾದ್ ಕಲ್ಲಿನ ನೆಲ ಮೋರಿಯ ಕಡೆ ಇಳಿಜಾರಾಗಿರುತ್ತದೆ, ಮೇಜು ಅಲ್ಲಾಡುತ್ತದೆ. ತಪ್ಪು ಕಾಲಿನದಲ್ಲ. ಕಾಲು ಕೊಯ್ಯಿಸದೆ ಹಳೆಯ ಚಪ್ಪಲಿಯ ಚರ್ಮದ ತುಂಡು ಕತ್ತರಿಸಿ ತಳಕ್ಕೆ ಅಂಟಿಸಿ.

ಹುಳ ಮತ್ತು ಕೀಲು

ಸಾಗವಾನಿ, ಬೀಟೆಯ ಒಳತಿರುಳನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ತಿನ್ನುವುದು ಅಂಚಿನ ಬಿಳಿಮರವನ್ನು, ಹಿಂಬದಿಯ ಹಲಗೆಯನ್ನು, ಡ್ರಾಯರಿನ ತಳವನ್ನು. ಇವನ್ನು ಅಗ್ಗದ ಮರದಲ್ಲಿ ಮಾಡುವ ರೂಢಿ ಇತ್ತು. ಸಣ್ಣ ಗುಂಡುತೂತುಗಳು ಕಂಡರೆ ಕೆಳಗೆ ಕರಿ ಕಾಗದ ಹಾಸಿ ವಾರ ಬಿಡಿ. ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಜೀವಂತ, ಇಲ್ಲದಿದ್ದರೆ ಅದು ಹಳೆಯ ಗಾಯ. ಜೀವಂತವಿದ್ದರೆ ಮರದ ಹುಳಕ್ಕೆಂದೇ ಸಿಗುವ ಔಷಧವನ್ನು ಸಿರಿಂಜಿನಲ್ಲಿ ತೂತಿಗೆ ಬಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಎರಡು ವಾರ ಬಿಗಿಯಾಗಿ ಸುತ್ತಿ, ಆಮೇಲೆ ಇನ್ನೊಂದು ವಾರ ಗಾಳಿಗೆ ಇಡಿ. ಕೈಗವಸು ಹಾಕಿಕೊಂಡು, ಅಡಿಗೆಮನೆಯಿಂದ ದೂರ. ಊಟದ ಹಲಗೆಯ ಮೇಲ್ಮೈಗೆ ಈ ಔಷಧ ಬೇಡ, ಅಡಿಯಿಂದಲೇ ಕೊಡಿ. ಹುಳ ಸಾಯಲೆಂದು ಮೇ ಬಿಸಿಲಿಗೆ ಅಂಗಳದಲ್ಲಿ ಇಡುವವರಿದ್ದಾರೆ. ಹುಳಕ್ಕಿಂತ ಮೊದಲು ಹಲಗೆ ಸೀಳುತ್ತದೆ.

ಅಲ್ಲಾಡುವ ಕುರ್ಚಿಗೆ ಮೊಳೆ ಹೊಡೆಯಬೇಡಿ. ಹಳೆಯ ಕೀಲಿಗೆ ಹಾಕಿದ್ದು ಚರ್ಮ, ಎಲುಬು ಕುದಿಸಿ ಮಾಡಿದ ಸರೇಸು. ಒಣಹವೆಗೆ ಅದು ಸಕ್ಕರೆಯಂತೆ ಪುಡಿಯಾಗಿ ಬಿಟ್ಟುಕೊಳ್ಳುತ್ತದೆ. ಅದರ ಮೇಲೆಯೇ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ, ಮರಕ್ಕೆ ತಾಗಿದರೆ ತಾನೇ ಹಿಡಿಯುವುದು? ಕೀಲು ಬಿಚ್ಚಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು, ಹಳೆಯ ಅಂಟನ್ನು ಉಳಿಯ ಮೊನೆಯಿಂದ ಕೆರೆದು, ಎರಡು ದಿನ ನೆರಳಲ್ಲಿ ಒಣಗಿಸಿ. ಆಮೇಲೆ ಹೊಸ ಅಂಟು. ದೊಡ್ಡ ಕ್ಲಾಂಪ್ ಇಲ್ಲದಿದ್ದರೆ ನಾಲ್ಕೂ ಕಾಲಿಗೆ ಹಗ್ಗ ಬಳಸಿ, ನಡುವೆ ಕೋಲು ಸಿಕ್ಕಿಸಿ ತಿರುವಿದರೆ ಸಾಕಷ್ಟು ಬಿಗಿ ಬರುತ್ತದೆ. ಹಗ್ಗ ತಾಗುವಲ್ಲಿ ಬಟ್ಟೆ ಇಡಿ. ಒಂದು ಪೂರ್ತಿ ದಿನ ಮುಟ್ಟಬೇಡಿ.

ಪಾಲಿಶ್

ಮೊದಲು ಈಗಿರುವುದು ಯಾವ ಪಾಲಿಶ್ ಎಂದು ತಿಳಿಯಬೇಕು. ಹತ್ತಿಗೆ ಸ್ಪಿರಿಟ್ (ಪಾಲಿಶಿಗೆ ಬಳಸುವ ಆಲ್ಕೋಹಾಲ್) ಹಚ್ಚಿ, ಕಾಣದ ಜಾಗದಲ್ಲಿ ಅರ್ಧ ನಿಮಿಷ ಒತ್ತಿ. ಅಂಟಂಟಾದರೆ ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಬಹುಶಃ ಯಾರೋ ಆಮೇಲೆ ಬಳಿಸಿದ ಮೆಲಮೈನ್ ಅಥವಾ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್. ಅರಗಿನ ಪಾಲಿಶಿನ ದೊಡ್ಡ ಗುಣವೆಂದರೆ ಹಳೆಯದನ್ನು ಪೂರ್ತಿ ಕೆರೆಯಬೇಕಿಲ್ಲ, ಹೊಸದು ಹಳೆಯದರಲ್ಲೇ ಕರಗಿ ಒಂದಾಗುತ್ತದೆ.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆ ಹಿಂಡಿ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ. ಎಷ್ಟೋ ಮೇಜುಗಳ ಕಪ್ಪು ಮರದ ಬಣ್ಣವಲ್ಲ, ವರ್ಷಗಳ ಒಗ್ಗರಣೆ ಹೊಗೆ ಮತ್ತು ಎಣ್ಣೆಯ ಜಿಡ್ಡು. ಸಂಡೂರು, ಹೊಸಪೇಟೆ ಕಡೆಯ ಮನೆಗಳಲ್ಲಿ ಅದಿರಿನ ಕೆಂಪು ಧೂಳೂ ಕೆತ್ತನೆಯ ಸಂದಿಯಲ್ಲಿ ಕೂತಿರುತ್ತದೆ. ಅದನ್ನು ಮೊದಲೇ ಒಣ ಬ್ರಶ್ಶಿನಿಂದ ತೆಗೆಯಿರಿ, ಒದ್ದೆಯಾದರೆ ಕೆಸರಾಗಿ ಒಳಗೆ ಇಳಿಯುತ್ತದೆ. ಇಷ್ಟಕ್ಕೇ ಮೇಜು ಚೆನ್ನಾಗಿ ಕಂಡರೆ ಪಾಲಿಶ್ ಕೆಲಸವನ್ನೇ ಬಿಟ್ಟುಬಿಡಿ.

ಬೇಕೆಂದರೆ ಒಂದು ಲೀಟರ್ ಸ್ಪಿರಿಟ್ಟಿಗೆ 250 ಗ್ರಾಂ ಅರಗಿನ ಹಾಳೆಚೂರು ಹಾಕಿ, ಗಾಜಿನ ಬಾಟಲಿಯಲ್ಲಿ ಒಂದು ದಿನ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿ ಬೇಡ, ದ್ರಾವಣ ಕಪ್ಪಾಗುತ್ತದೆ. ಹತ್ತಿಯ ಉಂಡೆಯನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿದರೆ ಉಜ್ಜುವ ಗಡ್ಡೆ ಸಿದ್ಧ. ತಳಕ್ಕೆ ಒಂದೆರಡು ಹನಿ ಅಗಸೆ ಎಣ್ಣೆ ಸವರಿ, ಮರದ ಎಳೆಯ ಉದ್ದಕ್ಕೆ ನಿಲ್ಲಿಸದೆ ಎಳೆಯಿರಿ. ಗಡ್ಡೆ ಹಲಗೆಯ ಮೇಲೆ ನಿಂತರೆ ಅಲ್ಲೇ ಕಲೆ. ದಿನಕ್ಕೆ ಮೂರು ಕೋಟು, ಮರುದಿನ 320 ನಂಬರ್ ಪಾಲಿಶ್ ಪೇಪರಿನಿಂದ ಹಗುರಾಗಿ ಸವರಿ ಮತ್ತೆ ಮೂರು.

ಇದಕ್ಕೆ ಕಾಲ ನವೆಂಬರಿನಿಂದ ಫೆಬ್ರವರಿ. ಬೇಸಿಗೆಯಲ್ಲಿ ಸ್ಪಿರಿಟ್ ಕೈಯಲ್ಲೇ ಆರಿ ಗಡ್ಡೆ ಕಚ್ಚಿ ಹಿಡಿಯುತ್ತದೆ. ಮಳೆ ಹಿಡಿದ ದಿನ ಪಾಲಿಶಿಗೆ ಹಾಲಿನಂಥ ಬಿಳುಪು ಬರುತ್ತದೆ. ಕೆಲಸ ನಡೆಯುವಾಗ ಗ್ಯಾಸ್ ಒಲೆ, ದೇವರ ಮನೆಯ ದೀಪ ಎರಡೂ ಆರಿರಲಿ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಅರಗು ಬಿಸಿಗೆ ಬಗ್ಗುತ್ತದೆ. ದಿನಾ ಉಣ್ಣುವ ಮೇಜಿನ ಮೇಲ್ಹಲಗೆಗೆ ಮಾತ್ರ ಮ್ಯಾಟ್ ಪಿಯು ಬಳಿಸುವವರನ್ನು ತಪ್ಪೆನ್ನಲಾಗದು. ಆದರೆ ಮೇಣ ತೆಗೆದ ಅರಗಿನ ಕೋಟು ನಡುವೆ ಕೊಡದಿದ್ದರೆ ಪಿಯು ಎರಡು ವರ್ಷಕ್ಕೆ ಹಪ್ಪಳದಂತೆ ಏಳಬಹುದು. ಮೇಲೆ ಗಾಜು ಹೊದಿಸುವುದಾದರೆ ಮೂಲೆಗೊಂದು, ನಡುವೆ ಎರಡು ಸಿಲಿಕಾನ್ ಗುಂಡಿ ಇಟ್ಟು ಗಾಳಿಯಾಡಲು ಬಿಡಿ. ನೇರ ಕೂತ ಗಾಜು ಬೇಸಿಗೆಯಲ್ಲಿ ಪಾಲಿಶ್ ಕಚ್ಚಿಕೊಳ್ಳುತ್ತದೆ.

ಕೋಣೆ

ಕಡುಗಂದು ಮರದ ಹಿಂದೆ ಹಾಲುಬಿಳಿ ಗೋಡೆ ಈ ಊರುಗಳ ಬೆಳಕಿಗೆ ಕಣ್ಣು ಕುಕ್ಕುತ್ತದೆ. ಕೆನೆಬಣ್ಣ, ಒಣಹುಲ್ಲಿನ ಹಳದಿ ಅಥವಾ ಮಂಕು ಹಸಿರು ಹಿತ. ಕುರ್ಚಿಯ ಬೆನ್ನು ಉಜ್ಜುವ 3 ಅಡಿ ಎತ್ತರದವರೆಗೆ ತೊಳೆಯಬಹುದಾದ ಗಾಢ ಬಣ್ಣ ಇರಲಿ. ಹಳೆಯ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದುದೂ ಇಂಥ ಕಾರಣಕ್ಕೇ.

ದೀಪಕ್ಕಿಂತ ಮೊದಲು ಫ್ಯಾನ್ ಎಲ್ಲಿ ಎಂದು ನೋಡಿ. ಫ್ಯಾನ್ ಬಿಟ್ಟು ಇಲ್ಲಿ ಊಟವಿಲ್ಲ. ದೀಪ ರೆಕ್ಕೆಗಿಂತ ಮೇಲಿದ್ದರೆ ತಟ್ಟೆಯ ಮೇಲೆ ನೆರಳು ಮಿಣುಕುತ್ತಿರುತ್ತದೆ. ಫ್ಯಾನ್ ನಡುವೆ ಇದ್ದರೆ ಗೋಡೆಗೆ ಎರಡು ದೀಪ ಸಾಕು. ಫ್ಯಾನನ್ನು ಗೋಡೆಗೆ ಸರಿಸಿದರೆ ಮಾತ್ರ ತೂಗುದೀಪ, ಮೇಜಿನಿಂದ 30ರಿಂದ 34 ಇಂಚು ಮೇಲೆ. ಬಲ್ಬು 2700ರಿಂದ 3000 ಕೆಲ್ವಿನ್ ಇರಲಿ. 6500ರ ಬಿಳಿ ಬೆಳಕಿಗೆ ಸಾಗವಾನಿ ಬೂದಿಯಾಗಿ ಕಾಣುತ್ತದೆ.

ಕಳೆದುಹೋದ ಕುರ್ಚಿಗಳ ನಕಲು ಮಾಡಿಸಲು ಹೋಗಬೇಡಿ, ಹೊಸ ಕೆತ್ತನೆ ಪಕ್ಕಕ್ಕೆ ಬಂದರೆ ಎರಡೂ ಸಪ್ಪೆ. ಉಳಿದ ಎರಡು ಹಳೆಯ ಕುರ್ಚಿ ತುದಿಗಳಿಗೆ, ಬದಿಗಳಿಗೆ ಕೆತ್ತನೆಯಿಲ್ಲದ ಸಾದಾ ಕುರ್ಚಿ. ಇಲ್ಲವೇ ಒಂದು ಬದಿಗೆ ಬೆಂಚು. ಕಾಲುಗಳ ನಡುವಿನ ಅಂತರಕ್ಕಿಂತ ಅದು 4 ಇಂಚು ಗಿಡ್ಡ ಇದ್ದರೆ ಒಳಗೆ ಸರಿಯುತ್ತದೆ. ಬೆತ್ತದ ಕುರ್ಚಿ ಒಣಗಿ ಜೋಲುಬಿದ್ದಿದ್ದರೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ ರಾತ್ರಿ ಬಿಡಿ. ಕಡ್ಡಿ ಮುರಿದಿರದಿದ್ದರೆ ಬೆಳಗ್ಗೆ ಬಿಗಿಯಾಗಿರುತ್ತದೆ. ಗೋಡೆಗೆ ಕಿನ್ನಾಳದ ಮರದ ಕೆಲಸ, ಮೇಜಿನ ನಡುವೆ ಸಂಡೂರು ಲಂಬಾಣಿ ಕಸೂತಿಯ ಪಟ್ಟಿ, ಇವೆರಡರಲ್ಲಿ ಒಂದು ಸಾಕು. ಕಿನ್ನಾಳದ ಬಣ್ಣಕ್ಕೆ ಒದ್ದೆ ಬಟ್ಟೆ ತಾಗಿಸಬೇಡಿ.

ಅಟ್ಟದ ಮೇಲಿನ ಅಡ್ಡಣಿಗೆಗಳನ್ನು ಕೆಳಗಿಳಿಸಿ. ನೆಲದ ಊಟಕ್ಕೆ ಗಂಗಾಳ ಹೊತ್ತವು ಈಗ ಬಿಸಿ ಪಲ್ಯದ ಪಾತ್ರೆ ಹೊರಲಿ, ಕಾಲಡಿಗೆ ಮಾತ್ರ ಉಣ್ಣೆಬಟ್ಟೆಯ ಚೂರು ಅಂಟಿಸಿ. ಆದರೂ ಬಿಸಿಯ ಬಿಳಿ ಉಂಗುರ ಬಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿ ಬಿಟ್ಟು ಉಜ್ಜಿ. ಹೋಗದಿದ್ದರೆ ಸ್ಪಿರಿಟ್ಟಿನ ಬಟ್ಟೆಯನ್ನು ತಾಗಿಯೂ ತಾಗದಂತೆ ಒಮ್ಮೆ ಆಡಿಸಿ. ಅರಿಶಿನದ ಕಲೆಯನ್ನು ತಿಕ್ಕಬೇಡಿ. ಸೋಪಿನ ನೀರಲ್ಲಿ ಒರೆಸಿ, ನಾಲ್ಕು ದಿನ ಕಿಟಕಿಯ ಬೆಳಕು ಬೀಳುವಂತೆ ಮೇಜು ತಿರುಗಿಸಿಡಿ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ.