ಪಾಳಿ ಆರಂಭಿಸುವ ಮುನ್ನ ಫೋರ್ಕ್‌ಲಿಫ್ಟ್ ತಪಾಸಣೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆಯಂತಹ ಕಡೆಗಳ ಫೌಂಡ್ರಿಗಳಲ್ಲಿ ಎರಕದ ಮರಳೂ ಕಬ್ಬಿಣದ ಚೂರುಗಳೂ ನೆಲದ ಮೇಲೆ ಬೀಳುತ್ತಲೇ ಇರುವುದರಿಂದ, ಅಲ್ಲಿ ದುಡಿಯುವ ಫೋರ್ಕ್‌ಲಿಫ್ಟ್ ಸ್ವಚ್ಛ ಗೋದಾಮಿನ ಯಂತ್ರಕ್ಕಿಂತ ಬೇಗ ಸವೆಯುತ್ತದೆ. ಆದ್ದರಿಂದ ಪ್ರತಿ ಪಾಳಿಯ ಚಾಲಕನೂ ಯಂತ್ರವನ್ನು ತಾನೇ ಪರೀಕ್ಷಿಸಬೇಕೇ ಹೊರತು, ಚಹಾ ಕುಡಿಯುತ್ತ ಕುಳಿತಲ್ಲಿಯೇ ರಜಿಸ್ಟರಿಗೆ ಸಹಿ ಹಾಕಬಾರದು.

ಫೋರ್ಕ್‌ಗಳನ್ನು (ಭಾರ ಎತ್ತುವ ಮುಂಭಾಗದ ಎರಡು ಉಕ್ಕಿನ ತೋಳುಗಳನ್ನು) ನೆಲಕ್ಕಿಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದ ಬಳಿಕ ಯಂತ್ರವನ್ನು ಒಂದು ಸುತ್ತು ಹಾಕಿರಿ. ನೆಲದಲ್ಲಿ ಎಣ್ಣೆ ಸೋರಿದ ಗುರುತು, ಟೈರಿಗೆ ನಾಟಿದ ಲೋಹದ ಚೂರು, ಸಡಿಲಗೊಂಡ ಚಕ್ರದ ನಟ್ಟುಗಳು ಆಗಲೇ ಕಣ್ಣಿಗೆ ಬೀಳುತ್ತವೆ.

ಹೆಚ್ಚಿನ ಸಮಯವನ್ನು ಫೋರ್ಕ್‌ಗಳಿಗೆ ಮೀಸಲಿಡಿರಿ. ನೆಟ್ಟಗಿನ ಭಾಗವು ಅಡ್ಡಕ್ಕೆ ಬಾಗುವ ಒಳಮೂಲೆಯಲ್ಲಿಯೇ ಸಾಮಾನ್ಯವಾಗಿ ಬಿರುಕು ಹುಟ್ಟುತ್ತದೆ. ಮರಳಿನ ಧೂಳು ಅದನ್ನು ಮುಚ್ಚಿಬಿಡುವುದರಿಂದ ಕಾಟನ್ ವೇಸ್ಟಿನಿಂದ ಒರೆಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ನೋಡಬೇಕು. ಅದೇ ಮೂಲೆಯ ತಳಭಾಗ ನೆಲಕ್ಕೆ ಉಜ್ಜಿ ತೆಳುವಾಗುತ್ತದೆ. ದಪ್ಪವು ಮೂಲ ಅಳತೆಗಿಂತ ಶೇ. 10ರಷ್ಟು ಇಳಿದಿದ್ದರೆ, ಅಂದರೆ 40 ಮಿ.ಮೀ. ಫೋರ್ಕ್ 36 ಮಿ.ಮೀ.ಗೆ ಬಂದಿದ್ದರೆ, ಅದನ್ನು ಬಳಕೆಯಿಂದ ತೆಗೆಯಬೇಕು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಬಿರುಕಿಗೆ ಬೆಸುಗೆ ಹಾಕಿಸುವುದು ಉಳಿತಾಯವಲ್ಲ. ಆ ಶಾಖಕ್ಕೆ ಉಕ್ಕಿನ ಗಡಸುತನವೇ ಕೆಡುತ್ತದೆ. ಎರಡೂ ತುದಿಗಳು ಒಂದೇ ಎತ್ತರದಲ್ಲಿವೆಯೇ, ಲಾಕ್ ಪಿನ್‌ಗಳು ಗಟ್ಟಿಯಾಗಿ ಕುಳಿತಿವೆಯೇ ಎಂಬುದನ್ನೂ ನೋಡಿಕೊಳ್ಳಿರಿ.

ಫೋರ್ಕ್‌ಗಳು ಏರಿಳಿಯುವ ಕಂಬದ, ಅಂದರೆ ಮಾಸ್ಟಿನ, ಎರಡು ಚೈನುಗಳ ಬಿಗಿತ ಸಮವಾಗಿರಬೇಕು. ಹೈಡ್ರಾಲಿಕ್ ಹೋಸಿನ ಸೋರಿಕೆಯನ್ನು ಎಂದಿಗೂ ಬರಿಗೈಯಿಂದ ಹುಡುಕಬಾರದು. ಸೂಜಿಯ ಮೊನೆಯಷ್ಟು ರಂಧ್ರದಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ; ಆದ್ದರಿಂದ ದೂರದಿಂದ ರಟ್ಟಿನ ತುಂಡೊಂದನ್ನು ಹಿಡಿದು ಪರೀಕ್ಷಿಸಿರಿ. ಲೆಡ್-ಆಸಿಡ್ ಬ್ಯಾಟರಿಯಿಂದ ನಡೆಯುವ ಯಂತ್ರವಾದರೆ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿ ಸಲ್ಲದು.

ಬಳಿಕ ಸೀಟ್ ಬೆಲ್ಟ್ ಕಟ್ಟಿಕೊಂಡು ಯಂತ್ರವನ್ನು ಚಾಲು ಮಾಡಿರಿ. ಮೇಲೆ ತೊಲೆ, ವಿದ್ಯುತ್ ತಂತಿ ಇಲ್ಲದ ಜಾಗದಲ್ಲಿ ಖಾಲಿ ಫೋರ್ಕ್‌ಗಳನ್ನು ಪೂರ್ತಿ ಏರಿಸಿ, ಇಳಿಸಿ, ಮುಂದಕ್ಕೂ ಹಿಂದಕ್ಕೂ ಬಾಗಿಸಿ ನೋಡಿರಿ. ಬ್ರೇಕ್, ಸ್ಟೀರಿಂಗ್, ಹಾರ್ನ್, ರಿವರ್ಸ್ ಅಲಾರಂಗಳನ್ನು ನಿಧಾನವಾಗಿ ಚಲಿಸುತ್ತ ಪರೀಕ್ಷಿಸಬಹುದು. ಸಾಮರ್ಥ್ಯದ ಫಲಕ ಸ್ಪಷ್ಟವಾಗಿ ಓದಲು ಬರಬೇಕು: 500 ಮಿ.ಮೀ. ಭಾರಕೇಂದ್ರಕ್ಕೆ (ಫೋರ್ಕಿನ ನೆಟ್ಟಗಿನ ಭಾಗದಿಂದ ಹೊರೆಯ ತೂಕದ ನಡುಬಿಂದುವಿನವರೆಗಿನ ದೂರಕ್ಕೆ) ಬರೆದಿರುವ ತೂಕವನ್ನು, ಉದ್ದನೆಯ ಪೆಟ್ಟಿಗೆಯ ಭಾರ ಅದಕ್ಕಿಂತ ಮುಂದೆ ಬಿದ್ದಾಗ ಎತ್ತಲಾಗದು.

ದೋಷ ಕಂಡರೆ ಯಂತ್ರಕ್ಕೆ ‘ಬಳಸಬೇಡಿ’ ಎಂಬ ಫಲಕ ಕಟ್ಟಿ, ಕೀಲಿಯನ್ನು ಸೂಪರ್‌ವೈಸರರ ಕೈಗೇ ಒಪ್ಪಿಸಿರಿ.