ಗೆಳೆಯನ ಶೆಡ್ಡಲ್ಲಿ ಹಳೇ ಯೆಜ್ಡಿ ಬಿಚ್ಚೋ ಮುಂಚೆ
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆದ್ರೆ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇನ್ನೂ ಎಷ್ಟೋ ಮನೆಗಳ ಹಿತ್ತಿಲಲ್ಲಿ ನಿಂತಿವೆ. ಅಂಥದ್ದೊಂದನ್ನ ಗೆಳೆಯನ ಶೆಡ್ಡಿಗೆ ತಳ್ಳಿಕೊಂಡು ಹೋಗಿ ಬಾಬರ್ (ಮಡ್‌ಗಾರ್ಡ್ ಗಿಡ್ಡ ಮಾಡಿ, ಬೇಡದ ಭಾಗ ಕಿತ್ತು ಹಗುರ ಮಾಡಿದ ಬೈಕ್) ಮಾಡೋಣ ಅಂತಿದ್ರೆ ಸ್ವಲ್ಪ ಕೇಳಿ.

ಟ್ಯಾಂಕ್ ತೂತಾಗಿದ್ರೆ ನೀವೇ ಬೆಸುಗೆ ಹಾಕೋಕೆ ಹೋಗ್ಬೇಡಿ. ಪೆಟ್ರೋಲ್ ಸುರಿದುಬಿಟ್ಟ ಮಾತ್ರಕ್ಕೆ ಅದು ಖಾಲಿ ಆಗಲ್ಲ, ಒಳಗೆ ಆವಿ ಇರುತ್ತೆ, ಒಂದು ಕಿಡಿ ತಾಗಿದ್ರೆ ಸಿಡಿಯುತ್ತೆ. ರೇಡಿಯೇಟರ್ ರಿಪೇರಿ ಅಂಗಡಿಯವರಿಗೆ ಈ ಕೆಲಸ ಗೊತ್ತು, ಅವರಿಗೇ ಕೊಡಿ.

ಬಿಚ್ಚೋ ಮುಂಚೆ ವೈರಿಂಗ್‌ನ ಪ್ರತಿ ಜೋಡಣೆಯದ್ದೂ ಫೋಟೋ ತೆಗೀರಿ. ಬೋಲ್ಟುಗಳನ್ನ ಬಿಚ್ಚಿದ ಕ್ರಮದಲ್ಲೇ ಮೊಟ್ಟೆ ಟ್ರೇಯಲ್ಲಿ ಇಡಿ. (ಮನೆಯ ಇಡ್ಲಿ ತಟ್ಟೆ ಬೇಡ, ನಾನು ಚೆನ್ನಾಗಿ ಬೈಸಿಕೊಂಡಿದ್ದೀನಿ.)

ಇನ್ನು ಫ್ರೇಮ್. ಗ್ರೈಂಡರ್ ಕೈಗೆ ಸಿಕ್ಕಿದ ತಕ್ಷಣ ಎಲ್ಲ ಕತ್ತರಿಸೋ ಆಸೆ ಬರುತ್ತೆ. ಫ್ರೇಮ್ ಮೇಲೆ ಅಚ್ಚೊತ್ತಿರೋ ಚಾಸಿ ನಂಬರ್ ಹತ್ತಿರ ಮಾತ್ರ ಗ್ರೈಂಡರ್ ತರಲೇಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಸೀಟು, ಹ್ಯಾಂಡಲ್ ಏನೇ ಬದಲಿಸೋದಿದ್ರೂ ಮೊದಲು ಆರ್‌ಟಿಓದಲ್ಲಿ ವಿಚಾರಿಸಿ.

ಹಾಂ, ರಾತ್ರಿ ಒಂಬತ್ತರ ಮೇಲೆ ಗ್ರೈಂಡರ್ ಹಚ್ಚಬೇಡಿ. ಪಕ್ಕದ ಮನೆಯವರ ಬೈಗುಳ ಕೇಳಬೇಕಾದವನು ಪಾಪ, ಗೆಳೆಯ.