ಹಗ್ಗ ಎಳೆದರೂ ಏಳದ ದೋಣಿ ಎಂಜಿನ್: ಕಾಣೆಯಾದ ಕಿಡಿ ಹುಡುಕುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳೆಲ್ಲ ದಡ ಸೇರಿದರೆ ನಮ್ಮ ಕರಾವಳಿಯ ಕಡಲು ನಾಡದೋಣಿಗಳದ್ದು. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡವರಿಗೆ ಮಳೆಗಾಲದ ಮೀನುಗಾರಿಕೆ ನಿಷೇಧದ ಅಡ್ಡಿಯಿಲ್ಲ. ಬೇಸಗೆಯೆಲ್ಲ ಮೂಲೆಯಲ್ಲಿ ಒರಗಿದ್ದ ಹಳೆಯ ಔಟ್‌ಬೋರ್ಡ್ ಎಂಜಿನ್‌ಗಳು ಹೊರಬರುವುದು ಆಗಲೇ, ಕೈಕೊಡುವುದೂ ಆಗಲೇ.

ಹಗ್ಗ ಎಳೆದೂ ಎಳೆದೂ ರಟ್ಟೆ ಸೋತ ಮೇಲೆ ದಡದಲ್ಲಿ ನಿಂತವರ ತೀರ್ಪು ಶುರುವಾಗುತ್ತದೆ. ಒಬ್ಬರು ‘ಮ್ಯಾಗ್ನೆಟ್ ಹೋಗಿದೆ ಮಾರಾಯ’ ಅಂದರೆ ಇನ್ನೊಬ್ಬರು ‘ಕಾಯಿಲ್ ಸುಟ್ಟಿದೆ’ ಅನ್ನುತ್ತಾರೆ. ಯಾರ ಮಾತಿಗೂ ಸೊಪ್ಪು ಹಾಕಬೇಡಿ. ಎಂಜಿನ್ ತಲೆಯ ಮೇಲೆ ತಿರುಗುವ ಅಯಸ್ಕಾಂತದ ಚಕ್ರ, ಅಂದರೆ ಫ್ಲೈವೀಲ್ ಬಿಚ್ಚುವುದು ಕಟ್ಟಕಡೆಯ ಕೆಲಸ. ಹುಡುಕಾಟ ಹೊರಗಿನಿಂದ ಒಳಕ್ಕೆ ಬರಲಿ. ಉಪ್ಪುನೀರು ಎಂಜಿನ್ನನ್ನು ತಿನ್ನುತ್ತ ಬರುವುದೂ ಅದೇ ದಾರಿಯಲ್ಲಿ.

ಮೊದಲ ಪ್ರಶ್ನೆ: ತಪ್ಪು ನಿಜಕ್ಕೂ ಕಿಡಿಯದ್ದೇ? ಸೀಮೆಎಣ್ಣೆ ಎಂಜಿನ್‌ಗಳು ಎದ್ದೇಳುವುದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಓಡುವುದು ಸೀಮೆಎಣ್ಣೆಯಲ್ಲಿ. ನಿನ್ನೆ ಸಂಜೆ ಪೆಟ್ರೋಲಿಗೆ ತಿರುಗಿಸದೆ ಹಾಗೇ ನಿಲ್ಲಿಸಿದ್ದರೆ ಕಾರ್ಬ್ಯುರೇಟರ್ ತುಂಬ ಸೀಮೆಎಣ್ಣೆಯೇ ಕೂತಿರುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಅದು ಆವಿಯಾಗುವುದಿಲ್ಲ. ಕಿಡಿ ಎಷ್ಟೇ ಚೆನ್ನಾಗಿದ್ದರೂ ಹೊತ್ತಿಕೊಳ್ಳುವುದಿಲ್ಲ. ಪ್ಲಗ್ ಬಿಚ್ಚಿ ಮೂಸಿ ನೋಡಿ. ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿದ್ದರೆ ಕಾರ್ಬ್ಯುರೇಟರ್ ಬಟ್ಟಲನ್ನು ಖಾಲಿ ಮಾಡಿ, ಪ್ಲಗ್ ಒಣಗಿಸಿ, ಪೆಟ್ರೋಲ್ ಬಿಟ್ಟು ಮತ್ತೊಮ್ಮೆ ಎಳೆಯಿರಿ. ಪ್ಲಗ್ ಒಣಗಿದ್ದರೆ ಇಂಧನವೇ ಬರುತ್ತಿಲ್ಲ ಎಂದರ್ಥ, ಆ ಕತೆ ಬೇರೆ. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದೂ ಎಂಜಿನ್ ಒಮ್ಮೆಯೂ ಕೆಮ್ಮದಿದ್ದರೆ ಮಾತ್ರ ಕಿಡಿಯ ಮೇಲೆ ಅನುಮಾನ ಪಡಿ.

ಇನ್ನು ಸ್ಟಾಪ್ ಸ್ವಿಚ್ಚಿನ ಕ್ಲಿಪ್. ಕೈಗೆ ಕಟ್ಟಿಕೊಳ್ಳುವ ಸುರುಳಿ ಹಗ್ಗ ಇರುವ ಎಂಜಿನ್ ಆದರೆ ಆ ಕ್ಲಿಪ್ ಸ್ವಿಚ್ಚಿನಲ್ಲಿ ಕೂತಿದೆಯೇ ನೋಡಿ. ಅದಿಲ್ಲದೆ ಕಿಡಿಯೇ ಬರುವುದಿಲ್ಲ. ನಗಬೇಡಿ. ನಾನೇ ಒಮ್ಮೆ ಅರ್ಧ ದಿನ ಕೂತು ಫ್ಲೈವೀಲ್ ಬಿಚ್ಚಿ, ಒಳಗಿರುವುದನ್ನೆಲ್ಲ ಒರೆಸಿ, ಮತ್ತೆ ಜೋಡಿಸಿದ ಮೇಲೆ, ಪಕ್ಕದ ಮನೆಯ ಹುಡುಗ ಬಂದು ದೋಣಿಯ ತಳದಲ್ಲಿ ಬಿದ್ದಿದ್ದ ಕ್ಲಿಪ್ ಎತ್ತಿ ಕೊಟ್ಟಿದ್ದ.

ಕ್ಲಿಪ್ ಸರಿಯಿದ್ದರೆ ಕಿಡಿ ಪರೀಕ್ಷೆ. ಟ್ಯಾಂಕಿನ ಪೈಪ್ ಕಳಚಿ ದೂರ ಇಡಿ, ಚೆಲ್ಲಿದ ಪೆಟ್ರೋಲ್ ಒರೆಸಿ. ಎರಡೂ ಪ್ಲಗ್ ಬಿಚ್ಚಿ, ರಂಧ್ರಗಳಿಗೆ ಬಟ್ಟೆ ತುರುಕಿ. ಪ್ಲಗ್‌ಗಳನ್ನು ಕ್ಯಾಪಿಗೆ ಸಿಕ್ಕಿಸಿ, ಅವುಗಳ ಲೋಹದ ಮೈಯನ್ನು ಎಂಜಿನ್‌ನ ಪೇಂಟ್ ಇಲ್ಲದ ಬರಿ ಲೋಹಕ್ಕೆ ಗಟ್ಟಿಯಾಗಿ ತಾಗಿಸಿಡಿ. ಸಿಡಿಐ, ಅಂದರೆ ಕಿಡಿಯನ್ನು ಎಲೆಕ್ಟ್ರಾನಿಕ್ ಯೂನಿಟ್ ನಿಯಂತ್ರಿಸುವ ಎಂಜಿನ್‌ಗಳಲ್ಲಿ ಪ್ಲಗ್ ಹೀಗೆ ಎಂಜಿನ್ ಮೈಗೆ ತಾಗಿ ಗ್ರೌಂಡ್ ಆಗದೆ ಹಗ್ಗ ಎಳೆದರೆ ಯೂನಿಟ್ಟೇ ಸುಡಬಹುದು. ನೆರಳಲ್ಲಿ ನಿಂತು ಜೋರಾಗಿ ಎಳೆಯಿರಿ. ಚಟ್ ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ ಬಂದರೆ ಒಳ್ಳೆಯದು. ಹಳದಿ, ಮಂಕು, ಆಗೊಮ್ಮೆ ಈಗೊಮ್ಮೆ ಬಂದರೆ ಇಲ್ಲವೆಂದೇ ಲೆಕ್ಕ. ಹೊರಗಿನ ಗಾಳಿಯಲ್ಲಿ ಹಾರುವ ಬಡ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಸಾಯುತ್ತದೆ. ಅಂತರ ಹೊಂದಿಸುವ ಟೆಸ್ಟರ್ ಇದ್ದರೆ ಸುಮಾರು 6 ಮಿ.ಮೀ. ದಾಟುತ್ತದೆಯೇ ನೋಡಿ.

ಕಿಡಿ ಬಡವಾಗಿದ್ದರೆ ಮೊದಲು ಹೊಸ ಪ್ಲಗ್ ಹಾಕಿ. ಸೀಮೆಎಣ್ಣೆ, ಟೂ ಸ್ಟ್ರೋಕ್ ಆಯಿಲ್ ಎರಡೂ ಸೇರಿ ಮಸಿ ಕಟ್ಟಿದ ಪ್ಲಗ್ ಉಜ್ಜುತ್ತ ಕೂರುವುದಕ್ಕಿಂತ ಎರಡು ಹೊಸದನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಲೇಸು. ನಂಬರ್ ಮಾತ್ರ ಹಳೆಯದೇ ಇರಲಿ.

ಎರಡು ಸಿಲಿಂಡರಿನ ಎಂಜಿನ್ ಆದರೆ ಒಂದು ಸುಳಿವು ಪುಕ್ಕಟೆ ಸಿಗುತ್ತದೆ. ಒಂದೇ ಕಡೆ ಕಿಡಿ ಇಲ್ಲದಿದ್ದರೆ ದೋಷ ಆ ಬದಿಯ ಕ್ಯಾಪ್, ವಯರ್ ಅಥವಾ ಕಾಯಿಲಿನದು. ಎರಡೂ ಕಡೆ ಇಲ್ಲವೆಂದರೆ ಎರಡಕ್ಕೂ ಸೇರಿದ ಭಾಗವನ್ನು ಹಿಡಿಯಿರಿ. ಅದರಲ್ಲೂ ಮೊದಲು ಸ್ಟಾಪ್ ಸ್ವಿಚ್ಚನ್ನು.

ಈ ಸ್ವಿಚ್ಚಿನ ಕೆಲಸವೇ ಕಿಡಿಯ ಕರೆಂಟನ್ನು ಎಂಜಿನ್ ಮೈಗೆ ಹರಿಸಿ ಕೊಲ್ಲುವುದು. ಒಳಗೆ ಉಪ್ಪು ಕಟ್ಟಿದರೆ ಯಾರೂ ಒತ್ತದೆ ಅದೇ ಆ ಕೆಲಸ ಮಾಡುತ್ತಿರುತ್ತದೆ. ಯಮಹಾ ಎಂಜಿನ್‌ಗಳಲ್ಲಿ ಸ್ವಿಚ್ಚಿನಿಂದ ಬರುವುದು ಬಿಳಿ, ಕಪ್ಪು ವಯರ್. ಬಿಳಿಯದನ್ನು ಕಳಚಿ ಮತ್ತೆ ಎಳೆಯಿರಿ. ಕಿಡಿ ಬಂತೇ? ಕಳ್ಳ ಸಿಕ್ಕಿದ. ಆ ವಯರ್ ಇಲ್ಲದೆ ಎಂಜಿನ್ ಎಬ್ಬಿಸಿದರೆ ಬಟನ್ ಒತ್ತಿದರೂ ನಿಲ್ಲದು, ಚೋಕ್ ಎಳೆದು ಉಸಿರುಗಟ್ಟಿಸಬೇಕು.

ಅಲ್ಲೂ ಇಲ್ಲವೆಂದರೆ ಪ್ಲಗ್ ಕ್ಯಾಪ್. ಅನೇಕ ಎಂಜಿನ್‌ಗಳಲ್ಲಿ ಇದು ವಯರಿಗೆ ಸ್ಕ್ರೂ ಹಾಗೆ ತಿರುಗಿ ಕೂರುತ್ತದೆ. ತಿರುಗಿಸಿ ಬಿಚ್ಚಿದರೆ ತಾಮ್ರದ ತುದಿ ಹಸಿರು ಕಿಲುಬು ಹಿಡಿದಿರುವುದು ಹೆಚ್ಚು. ಹೊಳೆಯುವ ತಾಮ್ರ ಕಾಣುವ ತನಕ 5–6 ಮಿ.ಮೀ. ಕತ್ತರಿಸಿ ಮತ್ತೆ ತಿರುಗಿಸಿ. ವಯರ್ ಬಿರುಕು ಬಿಟ್ಟಿದ್ದರೆ ಕತ್ತಲಲ್ಲಿ ಹಗ್ಗ ಎಳೆದು ನೋಡಿ: ವಯರಿನ ಮೈಮೇಲೆ ನೀಲಿ ಮಿಣುಕು ಓಡಾಡುತ್ತಿದ್ದರೆ ಕರೆಂಟ್ ಅಲ್ಲೇ ಸೋರುತ್ತಿದೆ. ಎಂಜಿನ್ನಿಗೆ ಗ್ರೌಂಡ್ ವಯರ್ ಬಿಗಿದಿರುವ ಬೋಲ್ಟುಗಳನ್ನೂ ಬಿಚ್ಚಿ ಉಜ್ಜಿ ಬಿಗಿಯಿರಿ.

ಈ ಹಂತ ದಾಟಿದವರಿಗೆ ಮಲ್ಟಿಮೀಟರ್ ಬೇಕು. ಕರೆಂಟ್ ಹುಟ್ಟಿಸುವ ಚಾರ್ಜ್ ಕಾಯಿಲ್, ಕಿಡಿಯ ಹೊತ್ತು ಹೇಳುವ ಪಲ್ಸರ್ ಕಾಯಿಲ್, ವೋಲ್ಟೇಜ್ ಏರಿಸುವ ಇಗ್ನಿಷನ್ ಕಾಯಿಲ್ ಮೂರರ ಓಮ್ ಅಳೆದು ಆ ಮಾಡೆಲ್ಲಿನ ಪುಸ್ತಕದ ಅಂಕಿಗೆ ಹೋಲಿಸಿ. ಮೂರೂ ಸರಿಯಿದ್ದರೆ ಉಳಿಯುವುದು ಸಿಡಿಐ ಯೂನಿಟ್. ಅದನ್ನು ಮೀಟರಿನಲ್ಲಿ ಖಚಿತವಾಗಿ ಹೇಳುವುದು ಕಷ್ಟ. ಗೆಳೆಯರ ಎಂಜಿನ್‌ನಿಂದ ಅದೇ ಮಾಡೆಲ್ಲಿನದನ್ನು ಎರವಲು ತಂದು ಹಾಕಿ ನೋಡುವುದೇ ದಾರಿ. ಎಂಜಿನ್ ಅರ್ಧ ಗಂಟೆ ಓಡಿ ಸತ್ತು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಏಳುತ್ತಿದ್ದರೆ ಕಾಯಿಲನ್ನು ಬಿಸಿಯಿರುವಾಗಲೇ ಅಳೆಯಿರಿ, ತಣ್ಣಗಿದ್ದಾಗ ಅದು ಸಾಚಾ.

1970ರ ದಶಕದ ಜಾನ್ಸನ್, ಎವಿನ್‌ರೂಡ್‌ನಂಥ ಅನೇಕ ಮುದಿ ಎಂಜಿನ್‌ಗಳಲ್ಲಿ ಸಿಡಿಐ ಬದಲು ಫ್ಲೈವೀಲ್ ಕೆಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್ ಇರುತ್ತವೆ. ಇಲ್ಲಿ ಫ್ಲೈವೀಲ್ ಎತ್ತಲೇಬೇಕು. ಪುಲ್ಲರ್ ಹಾಕಿ ಎತ್ತಿ, ಸುತ್ತಿಗೆ ಮುಟ್ಟಬೇಡಿ. ಏಟಿಗೆ ಒಳಗಿನ ಅಯಸ್ಕಾಂತ ಸೀಳುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.020 ಇಂಚು, ಅಂದರೆ ಸುಮಾರು ಅರ್ಧ ಮಿ.ಮೀ. ಇರಬೇಕು. ಅಳೆದ ಮೇಲೆ ಒಂದು ಬಿಳಿ ಕಾಗದದ ಚೂರನ್ನು ಪಾಯಿಂಟ್‌ಗಳ ನಡುವೆ ಎಳೆದು ತೆಗೆಯಿರಿ. ಅಂತರ ಅಳೆಯುವ ಫೀಲರ್ ಗೇಜಿನ ಎಣ್ಣೆಜಿಡ್ಡು ಅಲ್ಲಿ ಉಳಿದರೂ ಕಿಡಿ ಬರುವುದಿಲ್ಲ. ಪಾಯಿಂಟ್ ಪದೇ ಪದೇ ಕರಕಲಾಗುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಹೇಗೂ ಬಿಚ್ಚಿದ್ದೀರಿ, ಶಾಫ್ಟಿನ ಚಿಕ್ಕ ಕೀಲಿಯನ್ನೂ ನೋಡಿ. ಅದು ಕತ್ತರಿಸಿದ್ದರೆ ಕಿಡಿ ಬಂದರೂ ಹೊತ್ತು ತಪ್ಪಿ ಬರುತ್ತದೆ. ಹಗ್ಗ ಕೈಯಿಂದ ಹಿಂದಕ್ಕೆ ಕಿತ್ತುಕೊಳ್ಳುವ ಎಂಜಿನ್‌ಗಳಲ್ಲಿ ಇದೇ ಕಾಯಿಲೆ ಎಷ್ಟೋ ಸಲ.

ಎಂಜಿನ್ ಎದ್ದಿತೇ? ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಓಡಿಸಿ, ಒಣಗಿ ಓಡಿದರೆ ಎಂಜಿನ್ ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಸುಡುತ್ತದೆ. ಕಳಚಿದ್ದ ಬಿಳಿ ವಯರನ್ನು, ಸ್ವಿಚ್ ಕೆಟ್ಟಿದ್ದರೆ ಹೊಸ ಸ್ವಿಚ್ ಹಾಕಿಯೇ, ಮರಳಿ ಸೇರಿಸಿ. ಆಮೇಲೆ ಓಡುತ್ತಿರುವಾಗ ಕ್ಲಿಪ್ ಎಳೆದು ನೋಡಿ. ಎಂಜಿನ್ ತಟ್ಟನೆ ನಿಂತರೆ ಮಾತ್ರ ಅಳಿವೆ ದಾಟಿ.